ಫಾರ್ಮ್ಯಾಟ್ ಹೊಡೆಯುವ ಮೊದಲು



ಮಲ್ಲಟ ಇರಲಿ, ಮಾನ್ವಿ ಇರಲಿ, ದೇವದುರ್ಗ ಇರಲಿ, ಚಾಲೂ ಆಗದ ಕಂಪ್ಯೂಟರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಅಂಗಡಿಗೆ ಒಯ್ದವರು ಮೊದಲು ಕೇಳುವ ಮಾತು ಒಂದೇ: "ಫಾರ್ಮ್ಯಾಟ್ ಹೊಡೀಬೇಕಾಗ್ತದ್ರೀ." ಪೆಟ್ಟಿಗೆಯ ಮುಚ್ಚಳ ಇನ್ನೂ ಬಿಚ್ಚಿರುವುದಿಲ್ಲ, ತೀರ್ಪು ಬಂದುಬಿಟ್ಟಿರುತ್ತದೆ. ಅಂಗಡಿಯ ಹುಡುಗನನ್ನು ನಾನು ದೂರುವುದಿಲ್ಲ. ಫಾರ್ಮ್ಯಾಟ್‌ಗೆ ಇಂತಿಷ್ಟು ಎಂದು ರೇಟು ಇದೆ, ತಾಸೆರಡು ತಾಸಿನಲ್ಲಿ ಮುಗಿಯುತ್ತದೆ. ದೋಷ ಹುಡುಕುವ ಕೆಲಸಕ್ಕೆ ಯಾರೂ ರೇಟು ಕಟ್ಟಿಲ್ಲ. ಗಿರಾಕಿಯೂ ಅದಕ್ಕೆ ದುಡ್ಡು ಬಿಚ್ಚುವುದಿಲ್ಲ. ಆದರೆ ಎರಡು ಓಎಸ್ ಇರುವ, ಅದೂ ಎರಡು ಬೇರೆ ಬೇರೆ ಡ್ರೈವಿನಲ್ಲಿ ಇರುವ ಕಂಪ್ಯೂಟರಿಗೆ ಈ ಮದ್ದು ಬಹುಮಟ್ಟಿಗೆ ಬೇಕಾಗಿಯೇ ಇರುವುದಿಲ್ಲ. ಅಂಥ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಒಟ್ಟಿಗೆ ಸಾಯುವುದು ಅಪರೂಪ. ಅವುಗಳಿಗೆ ಹೋಗುವ ದಾರಿ ಎಲ್ಲೋ ಕೆಟ್ಟಿರುತ್ತದೆ, ಅಷ್ಟೇ. ಇವತ್ತಿನ ಮಾತು ಆ ದಾರಿಯ ಬಗ್ಗೆ.

ಈ ಜೋಡಿ ಏರ್ಪಾಡು ಯಾಕೆ ಬೇಕಾಯಿತು ಎಂದು ಮೊದಲು ಹೇಳಿಬಿಡುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲದ ಅವಧಿ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಇರಬೇಕು. ಜೆರಾಕ್ಸ್ ಅಂಗಡಿಯಲ್ಲಿ, ಹೈಸ್ಕೂಲಿನ ಆಫೀಸಿನಲ್ಲಿ ಕೂತಿರುವ ನಾಲ್ಕನೇ, ಆರನೇ ತಲೆಮಾರಿನ ಐ3 ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿರಲಿ, ಈ ಲೆಕ್ಕದಲ್ಲಿ ಹೊರಗೆ. ಹಾಗಾಗಿ ತಿಳಿದವರು ಒಂದು ಸಣ್ಣ ಎಸ್‌ಎಸ್‌ಡಿ ತಂದು ಅದರಲ್ಲಿ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿ ಇಂಟರ್ನೆಟ್ ಕೆಲಸವನ್ನೆಲ್ಲ ಅದಕ್ಕೆ ಒಪ್ಪಿಸುತ್ತಾರೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ಹಾಗೇ ಉಳಿಯುತ್ತದೆ.

ಉಳಿಸಿಕೊಳ್ಳದೆ ಗತಿಯೂ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ವರ್ಷಾನುಗಟ್ಟಲೆ ಟೈಪಾದ ಅರ್ಜಿ, ಠರಾವು, ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆಗಳು ಹಳೆಯ ನುಡಿ ಫಾಂಟುಗಳಲ್ಲಿ ಕೂತಿವೆ. ಯುನಿಕೋಡ್ ಅಲ್ಲದ ಆ ಫೈಲನ್ನು ಫಾಂಟಿಲ್ಲದ ಕಡೆ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಟ್ಯಾಲಿ, ಹಳೇ ಪ್ರಿಂಟರ್, ಬೆರಳಚ್ಚು ತೆಗೆಯುವ ಯಂತ್ರ, ಇವೂ ವಿಂಡೋಸಿಗೇ ಅಂಟಿಕೊಂಡಿರುತ್ತವೆ. ಹಾಗೆಂದು ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ ಅಂದುಕೊಳ್ಳಬೇಡಿ. ನುಡಿಯ ಕೀಲಿಮಣೆ ವಿನ್ಯಾಸವೇ ಅಲ್ಲೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು, ಕೇರಳದ ಶಾಲಾ ಐಟಿ ಯೋಜನೆಯ ದೆಸೆಯಿಂದ, ಬಹಳ ವರ್ಷಗಳಿಂದ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ನಮ್ಮಲ್ಲೂ ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2011ರಿಂದ ಹೈಸ್ಕೂಲು ಶಿಕ್ಷಕರಿಗೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಬಳಸಿದ್ದು ಉಬುಂಟುವನ್ನೇ.

ಇನ್ನು ದಾರಿ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಕ್ರಮ. ಇದನ್ನು ಕಾಲುವೆಯ ಕೆಳಭಾಗದ ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರಲಿಲ್ಲವೆಂದರೆ ಸಿರವಾರ, ಮಾನ್ವಿ ಕಡೆಯ ಯಾವ ರೈತನೂ ಹೊಲ ಅಗೆಯುತ್ತ ಕೂಡುವುದಿಲ್ಲ. 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, ಉಪಕಾಲುವೆಗೆ ಬಿಟ್ಟಿದ್ದಾರೋ ಇಲ್ಲವೋ, ತೂಬಿನ ಬಾಯಿಗೆ ಕಸ ಸಿಕ್ಕಿದೆಯೋ ಎಂದು ಮೇಲಿನಿಂದ ನೋಡುತ್ತ ಬರುತ್ತಾನೆ. ಕಂಪ್ಯೂಟರಿನಲ್ಲೂ ಗುಂಡಿ ಒತ್ತಿದ ಮೇಲೆ ಕೆಲಸ ಹೀಗೇ ಮೇಲಿನಿಂದ ಕೆಳಗೆ ಹರಿಯುತ್ತದೆ. ಮೊದಲು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಏಳುತ್ತದೆ. ನಾವು ರೂಢಿಯಲ್ಲಿ ಬಯೋಸ್ ಅನ್ನುತ್ತೇವೆ, ಈಗಿನ ಯಂತ್ರಗಳಲ್ಲಿ ಅದು ಯುಇಎಫ್‌ಐ. ಅದು ಯಾವ ಯಾವ ಡ್ರೈವ್ ಇದೆ ಎಂದು ನೋಡಿಕೊಳ್ಳುತ್ತದೆ. ಆಮೇಲೆ ತನ್ನ ಬೂಟ್ ಪಟ್ಟಿಯಲ್ಲಿ ಮೊದಲಿರುವ ಹೆಸರನ್ನು ಹಿಡಿದು, ಆ ಡ್ರೈವಿನ ಇಎಫ್‌ಐ ವಿಭಾಗದಲ್ಲಿರುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮನ್ನು ನಡೆಸುತ್ತದೆ. ವಿಂಡೋಸಿಗೆ ತನ್ನದೇ ಬೂಟ್ ಮ್ಯಾನೇಜರ್ ಇದೆ, ಲಿನಕ್ಸಿಗೆ ಸಾಮಾನ್ಯವಾಗಿ ಗ್ರಬ್. ಈ ಬೂಟ್‌ಲೋಡರ್ ಓಎಸ್‌ನ ತಿರುಳಾದ ಕರ್ನೆಲನ್ನು ಎಬ್ಬಿಸಿ ತಾನು ಸರಿಯುತ್ತದೆ. ಎಲ್ಲಿಯವರೆಗೆ ಬಂದು ನಿಂತಿತು ಎಂಬುದನ್ನು ಪರದೆಯೇ ಹೇಳುತ್ತಿರುತ್ತದೆ. ನಾವು ಓದುವುದಿಲ್ಲ, ಇಂಗ್ಲಿಷಿನ ನಾಲ್ಕು ಬಿಳಿ ಸಾಲು ಕಂಡ ಕೂಡಲೇ ಗುಂಡಿ ಒತ್ತಿ ಬಂದ್ ಮಾಡಿಬಿಡುತ್ತೇವೆ.

"ಕರೆಂಟ್ ಬರ್ತದ, ಫ್ಯಾನ್ ತಿರುಗ್ತದ, ಆದ್ರ ಮುಂದ ಹೋಗವಲ್ದು" ಅನ್ನುವ ದೂರಿನಿಂದ ಶುರು ಮಾಡೋಣ. ಪರದೆಯ ಮೇಲೆ ‘ನೋ ಬೂಟೆಬಲ್ ಡಿವೈಸ್’ ಎಂಬ ಅರ್ಥದ ಸಾಲು ಇರುತ್ತದೆ. ಯಂತ್ರ ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್ 2 ಗುಂಡಿ ಒತ್ತುತ್ತ ಬಯೋಸಿಗೆ ಹೋಗಿ, ಎರಡೂ ಡ್ರೈವುಗಳ ಹೆಸರು ಅಲ್ಲಿದೆಯೇ ನೋಡಿ. ಹೆಸರೇ ಇಲ್ಲದ ಡ್ರೈವಿಗೆ ಫಾರ್ಮ್ಯಾಟ್ ಹೊಡೆಯುವುದಾದರೂ ಹೇಗೆ? ಯಂತ್ರ ಬಂದ್ ಮಾಡಿ, ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹದ ಭಾಗವನ್ನೊಮ್ಮೆ ಮುಟ್ಟಿ, ಮುಚ್ಚಳ ತೆಗೆಯಿರಿ. ನಮ್ಮ ಕಡೆಯ ಪೆಟ್ಟಿಗೆಯೊಳಗೆ ಏನಿರುತ್ತದೆ ಎಂದು ನಿಮಗೆ ಗೊತ್ತು: ಎರೆಹೊಲದ ಧೂಳು, ಅದರ ಮೇಲೆ ಅರಳೆಯ ನವಿರು, ಮೂಲೆಯಲ್ಲಿ ಜೇಡ. ಒಣ ಪೇಂಟ್ ಬ್ರಷ್ಷಿನಿಂದ ಮೆಲ್ಲಗೆ ಸರಿಸಿ. ಪ್ರತಿ ಡ್ರೈವಿಗೂ ಎರಡು ವೈರ್ ಹೋಗಿರುತ್ತವೆ. ಅಗಲವಾದ ಬಾಯಿಯದು ಕರೆಂಟಿನದು. ಚಪ್ಪಟೆಯಾಗಿ ಕೆಂಪಗೋ ನೀಲಿಯೋ ಇರುವುದು ಸಾಟಾ ಕೇಬಲ್, ಮಾಹಿತಿ ಓಡಾಡುವುದು ಇದರಲ್ಲಿ. ಅಗ್ಗದ ಕೇಬಲ್ಲಿನ ತುದಿಗೆ ಹಿಡಿದಿಡುವ ತಗಡಿನ ಕ್ಲಿಪ್ ಇರುವುದಿಲ್ಲ. ಕೂತಂತೆ ಕಾಣುತ್ತದೆ, ಬೆರಳು ತಾಗಿಸಿದರೆ ಅಲುಗಾಡುತ್ತದೆ. ಕಿತ್ತು ಮತ್ತೆ ಗಟ್ಟಿಯಾಗಿ ಕೂಡಿಸಿ. ಆಗಲೂ ಹೆಸರು ಬರದಿದ್ದರೆ ಕೆಲಸ ಮಾಡುತ್ತಿರುವ ಇನ್ನೊಂದು ಡ್ರೈವಿನ ಕೇಬಲ್ಲನ್ನೇ ಇದಕ್ಕೆ ಹಾಕಿ ನೋಡಿ. ಈಗ ಹೆಸರು ಬಂದರೆ ತಪ್ಪು ಬಹುಮಟ್ಟಿಗೆ ಕೇಬಲ್ಲಿನದು, ಬರದಿದ್ದರೆ ಡ್ರೈವಿನದು. ಎರಡು ಡ್ರೈವ್ ಇರುವುದರ ಲಾಭ ಇದೇ, ಒಂದನ್ನು ಇನ್ನೊಂದರ ಸಾಕ್ಷಿಯಾಗಿ ನಿಲ್ಲಿಸಬಹುದು.

ಮುಚ್ಚಳ ತೆಗೆದಾಗಲೇ ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂತೆ ಹೊಳೆಯುವ ಗುಂಡನೆಯ ಸೆಲ್ ಒಂದನ್ನು ಕಣ್ಣಿಟ್ಟು ನೋಡಿ. ಸಿಆರ್ 2032, 3 ವೋಲ್ಟಿನದು. ನನ್ನ ಪ್ರಕಾರ ನಮ್ಮ ಸೀಮೆಯಲ್ಲಿ ಈ ಸೆಲ್ ಮಾಡುವಷ್ಟು ಕಿತಾಪತಿಯನ್ನು ಯಾವ ವೈರಸ್ಸೂ ಮಾಡುವುದಿಲ್ಲ. ಗೋಡೆಯ ಸ್ವಿಚ್ ಆನ್ ಇದ್ದಾಗ ಕಂಪ್ಯೂಟರ್ ಬಂದ್ ಆಗಿದ್ದರೂ ಅದರ ಗಡಿಯಾರಕ್ಕೆ ಸಣ್ಣಗೆ ಕರೆಂಟ್ ಸಿಗುತ್ತಿರುತ್ತದೆ. ಪೂರ್ತಿ ಕರೆಂಟ್ ಇಲ್ಲದಾಗ ಗಡಿಯಾರದ ಭಾರವೆಲ್ಲ ಸೆಲ್ಲಿನ ಮೇಲೆ. ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಮಾಡುತ್ತಿದ್ದೇವೆ, 1720 ಮೆಗಾವಾಟಿನ ಸ್ಥಾವರ ನಮ್ಮದೇ ಜಿಲ್ಲೆಯಲ್ಲಿದೆ. ಆದರೂ ಹಳ್ಳಿಗಳಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಮೇಲಾಗಿ ರಾತ್ರಿ ಮೇನ್ ಸ್ವಿಚ್ ತೆಗೆದು ಅಂಗಡಿ ಬಾಗಿಲು ಹಾಕುವ ಒಳ್ಳೆಯ ರೂಢಿ ಬೇರೆ. ಹೀಗಾಗಿ ಸೆಲ್ ಬೇಗ ಸೊರಗುತ್ತದೆ.

ಸೆಲ್ ಸತ್ತರೆ ಎರಡು ಅನಾಹುತ. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಪಹಣಿ ತೆಗೆಯಲು ಹೋದರೆ ಬ್ರೌಸರ್ ‘ಈ ತಾಣ ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತದೆ, ಯಾಕೆಂದರೆ ತಾಣದ ಭದ್ರತಾ ಪ್ರಮಾಣಪತ್ರ ಆ ಹಳೇ ತಾರೀಖಿನಲ್ಲಿ ಇನ್ನೂ ಹುಟ್ಟೇ ಇರುವುದಿಲ್ಲ. "ನೆಟ್ ಸರಿ ಇಲ್ಲ" ಎಂದು ಜನ ರೀಚಾರ್ಜ್ ಮಾಡಿಸುತ್ತಾರೆ. ಎರಡನೆಯದು, ಬಯೋಸಿನಲ್ಲಿ ನಾವು ಮಾಡಿಟ್ಟ ಬದಲಾವಣೆಗಳು ಎಷ್ಟೋ ಬೋರ್ಡುಗಳಲ್ಲಿ ಅಳಿಸಿಹೋಗಿ ಕಾರ್ಖಾನೆಯ ಸೆಟ್ಟಿಂಗ್ ವಾಪಸ್ಸು ಬರುತ್ತದೆ. ಯಾವ ಡ್ರೈವ್ ಮೊದಲು ಎಂಬುದು ಉಲ್ಟಾ ಆಗುತ್ತದೆ, ಸಾಟಾ ಡ್ರೈವುಗಳನ್ನು ಓದುವ ವಿಧಾನವೂ ಬದಲಾಗಬಹುದು. ಹಾಗಾದಾಗ ನಿನ್ನೆಯವರೆಗೆ ಚೆನ್ನಾಗಿದ್ದ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಆನ್ ಮಾಡಿದಾಗಲೆಲ್ಲ ‘ಎಫ್ 1 ಒತ್ತಿ’ ಎಂದು ಯಂತ್ರ ಕೇಳುತ್ತಿದ್ದರೆ, ತಾರೀಖು ಹಳೆಯದಿದ್ದರೆ, ಬೇರೆ ಏನನ್ನೂ ಮುಟ್ಟಬೇಡಿ. ಸೆಲ್ ಬದಲಿಸಿ, ತಾರೀಖು ಸರಿಮಾಡಿ, ಬೂಟ್ ಕ್ರಮ ಸರಿಮಾಡಿ. ಗಡಿಯಾರದ ಅಂಗಡಿಯಲ್ಲೂ ಸಿಗುವ ಮಾಲು ಅದು.

ಡ್ರೈವ್ ಎರಡೂ ಕಾಣುತ್ತಿವೆ, ಆದರೆ ಯಂತ್ರ ನೆಟ್ಟಗೆ ವಿಂಡೋಸಿಗೇ ಹೋಗುತ್ತದೆ, ಲಿನಕ್ಸ್ ಮಾಯವಾಗಿದೆ. ಇದು ಎಲ್ಲಕ್ಕಿಂತ ಮಾಮೂಲಿ ದೂರು, ಎಲ್ಲಕ್ಕಿಂತ ಹಗುರವಾದದ್ದೂ ಹೌದು. ಬೂಟ್ ಪಟ್ಟಿಯಲ್ಲಿ ವಿಂಡೋಸಿನ ಹೆಸರು ಮೇಲೆ ಬಂದಿರುತ್ತದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಹೀಗಾಗುವುದುಂಟು. ಆನ್ ಮಾಡುವಾಗಲೇ ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9 ಒತ್ತಿದರೆ ಬೂಟ್ ಮೆನು ಬರುತ್ತದೆ. ಅಲ್ಲಿ ಲಿನಕ್ಸಿನ ಹೆಸರೋ ಎಸ್‌ಎಸ್‌ಡಿಯ ಹೆಸರೋ ಆರಿಸಿ. ಬಂತೆಂದರೆ ಬಯೋಸಿಗೆ ಹೋಗಿ ಅದನ್ನು ಕಾಯಂ ಮೇಲಕ್ಕೆ ತನ್ನಿ. ಗ್ರಬ್ಬಿನ ಪಟ್ಟಿಯಲ್ಲಿ ವಿಂಡೋಸ್ ಕಾಣುತ್ತಿಲ್ಲ ಎಂದು ಉಲ್ಟಾ ದೂರುವವರೂ ಇದ್ದಾರೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ, ಬೇರೆ ಓಎಸ್ ಹುಡುಕುವ ಕೆಲಸವನ್ನು ಭದ್ರತೆಯ ಕಾರಣಕ್ಕೆ ಮೂಲದಲ್ಲೇ ನಿಲ್ಲಿಸಿದ್ದಾರೆ. ಬೇಕಾದವರು ಗ್ರಬ್ಬಿನ ಸೆಟ್ಟಿಂಗ್ ಫೈಲಿನಲ್ಲಿ ಮತ್ತೆ ಚಾಲೂ ಮಾಡಿಕೊಳ್ಳಬೇಕು. ನನ್ನ ಕೇಳಿದರೆ ಆ ಗೋಜೇ ಬೇಡ. ಡ್ರೈವ್ ಬೇರೆ ಬೇರೆ ಇರುವಾಗ ಬೂಟ್ ಮೆನುವಿನಿಂದ ಆರಿಸಿಕೊಳ್ಳುವುದೇ ಚೊಕ್ಕ.

ಈಗ ನಾನು ಬಹಳ ನಂಬಿರುವ ಪರೀಕ್ಷೆ. ಯಂತ್ರ ಪೂರ್ತಿ ಬಂದ್ ಮಾಡಿ ಹಾರ್ಡ್ ಡಿಸ್ಕಿನ ಕೇಬಲ್ ತೆಗೆಯಿರಿ, ಎಸ್‌ಎಸ್‌ಡಿ ಒಂದೇ ಇರಲಿ. ಲಿನಕ್ಸ್ ಬರುತ್ತದೆಯೇ? ಮತ್ತೆ ಬಂದ್ ಮಾಡಿ ಎಸ್‌ಎಸ್‌ಡಿ ತೆಗೆದು ಹಾರ್ಡ್ ಡಿಸ್ಕ್ ಹಾಕಿ. ವಿಂಡೋಸ್ ಬರುತ್ತದೆಯೇ? ಒಂಟಿಯಾಗಿ ಎರಡೂ ಬಂದರೆ ಎರಡೂ ಆರೋಗ್ಯವಾಗಿವೆ, ತಕರಾರು ಬೂಟ್ ಕ್ರಮದಲ್ಲಿದೆ. ಆದರೆ ಬಹಳ ಕಡೆ ಬೇರೆಯೇ ಕಾಣುತ್ತದೆ. ಹಾರ್ಡ್ ಡಿಸ್ಕ್ ತೆಗೆದ ಕೂಡಲೇ, ಎಸ್‌ಎಸ್‌ಡಿಯಲ್ಲಿರುವ ಲಿನಕ್ಸೂ ಏಳುವುದಿಲ್ಲ. ಕಾರಣ ಅದನ್ನು ಹಾಕಿದ ದಿನವೇ ಆಗಿರುತ್ತದೆ. ಎರಡೂ ಡ್ರೈವ್ ಜೋಡಿಸಿಟ್ಟೇ ಲಿನಕ್ಸ್ ಹಾಕಿರುತ್ತಾರೆ. ಉಬುಂಟುವಿನ ಹಳೆಯ ಇನ್‌ಸ್ಟಾಲರ್, ನೀವು ಎಸ್‌ಎಸ್‌ಡಿ ತೋರಿಸಿದರೂ, ಗ್ರಬ್ಬನ್ನು ಒಯ್ದು ಮೊದಲ ಡ್ರೈವಿನ ಇಎಫ್‌ಐ ವಿಭಾಗದಲ್ಲಿ, ಅಂದರೆ ವಿಂಡೋಸಿನ ಜಾಗದಲ್ಲಿ ಇಟ್ಟುಬಿಡುತ್ತಿತ್ತು. ಓಎಸ್ ಇಲ್ಲಿ, ಅದನ್ನು ಎಬ್ಬಿಸುವವನು ಅಲ್ಲಿ. ಮುಂದೊಂದು ದಿನ ವಿಂಡೋಸ್ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದರೆ ಲಿನಕ್ಸ್ ಕೂಡ ಹೋಯಿತು ಎಂದು ಗಾಬರಿ ಬೀಳುತ್ತಾರೆ. ಹೋಗಿರುವುದಿಲ್ಲ. ಡಿಸ್ಕಿಗೆ ಹಾಕದೆಯೇ ನಡೆಯುವ ಲಿನಕ್ಸಿನ ಲೈವ್ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ಎಸ್‌ಎಸ್‌ಡಿಯಲ್ಲೇ ಒಂದು ಇಎಫ್‌ಐ ವಿಭಾಗ ಮಾಡಿ, ಗ್ರಬ್ಬನ್ನು ಅಲ್ಲಿ ಕೂಡಿಸಿದರೆ ಮುಗಿಯಿತು. ಬೂಟ್ ರಿಪೇರ್ ಎಂಬ ಉಚಿತ ಸಾಧನದಿಂದಲೂ ಇದನ್ನು ಮಾಡಬಹುದು. ಹೊಸದಾಗಿ ಹಾಕಿಸುವವರು ಒಂದೇ ಮಾತು ನೆನಪಿಟ್ಟರೆ ಸಾಕು: ಒಂದಕ್ಕೆ ಹಾಕುವಾಗ ಇನ್ನೊಂದರ ಕೇಬಲ್ ಕಳಚಿರಬೇಕು. ಬೋರ್ಡಿಗೇ ಸ್ಕ್ರೂ ಹಾಕಿ ಕೂಡಿಸುವ ಎನ್‌ವಿಎಂಇ ಆದರೆ ಸ್ಕ್ರೂ ಬಿಚ್ಚಿ ತೆಗೆದಿಡಿ.

‘ಗ್ರಬ್ ರೆಸ್ಕ್ಯೂ’ ಎಂದು ಬರೆದು ಮಿಣುಕುವ ಪರದೆ ಕಂಡರೂ ಇದೇ ಬಗೆಯ ಕಥೆ: ಗ್ರಬ್ಬಿನ ಮೊದಲ ತುಂಡು ಸಿಕ್ಕಿದೆ, ಉಳಿದದ್ದು ಇರುವ ವಿಭಾಗ ಸಿಗುತ್ತಿಲ್ಲ. ಯಾರೋ ಜಾಗ ಸಾಲದೆಂದು ವಿಭಾಗ ಅಳಿಸಿರುತ್ತಾರೆ, ಇಲ್ಲವೇ ಎರಡನೇ ಡ್ರೈವಿನ ಕೇಬಲ್ ಸಡಿಲವಾಗಿರುತ್ತದೆ.

ವಿಂಡೋಸ್ 7ರ ಕಾಲದ ಯಂತ್ರಗಳಲ್ಲಿ ಇನ್ನೊಂದು ತೊಡಕು. ಆಗ ವಿಂಡೋಸನ್ನು ಹಳೇ ಪದ್ಧತಿಯಲ್ಲಿ, ಲೆಗಸಿ ಅನ್ನುತ್ತಾರಲ್ಲ, ಹಾಗೆ ಹಾಕಿದ್ದು. ಮೇಲೆ 10 ಬಂದರೂ ಬುನಾದಿ ಅದೇ ಉಳಿಯಿತು. ಈಚೆಗೆ ಲಿನಕ್ಸನ್ನು ಯುಇಎಫ್‌ಐ ಪದ್ಧತಿಯಲ್ಲಿ ಹಾಕಿರುತ್ತಾರೆ. ಹೊಸ ಪದ್ಧತಿಯಲ್ಲಿ ಎದ್ದ ಗ್ರಬ್ಬಿಗೆ ಹಳೇ ಪದ್ಧತಿಯ ವಿಂಡೋಸನ್ನು ಎಬ್ಬಿಸಲು ಬರುವುದಿಲ್ಲ. ಬೂಟ್ ಮೆನುವಿನಿಂದ ಆರಿಸಿದರೆ ಎರಡೂ ಬರುತ್ತವೆ. ಹಳೇ ಪದ್ಧತಿಯನ್ನು ಹೊಸದಕ್ಕೆ ಬದಲಿಸುವ ಸಾಧನ ವಿಂಡೋಸಿನಲ್ಲೇ ಇದೆ, ಆದರೆ ಫೈಲುಗಳ ನಕಲು ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಡ್ರೈವ್ ಬೇರೆ ಮಾಡಿದರೂ ಎರಡು ಓಎಸ್ ಪೂರ್ತಿ ಬೇರೆಯಾಗುವುದಿಲ್ಲ. ಮದರ್‌ಬೋರ್ಡ್ ಇಬ್ಬರಿಗೂ ಒಂದೇ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಜಗತ್ತಿಗೆಲ್ಲ ಇದನ್ನು ತೋರಿಸಿಕೊಟ್ಟಿತು. ಹಳೆಯ, ದೋಷವಿದ್ದ ಬೂಟ್‌ಲೋಡರುಗಳನ್ನು ತಡೆಯುವ ಒಂದು ಭದ್ರತಾ ನಿಯಮವನ್ನು ಆ ಅಪ್‌ಡೇಟ್ ಫರ್ಮ್‌ವೇರಿನ ನೆನಪಿನಲ್ಲಿ ಬರೆಯಿತು. ಎರಡು ಓಎಸ್ ಇರುವ ಯಂತ್ರಗಳಿಗೆ ಅನ್ವಯಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ಆದರೆ ಅನ್ವಯಿಸಿತು. ಲಿನಕ್ಸ್ ಆರಿಸಿದರೆ ಏನೋ ಗಂಭೀರ ತಪ್ಪಾಗಿದೆ ಎಂಬ ಒಂದು ಸಾಲು ಬಂದು ಯಂತ್ರ ಬಂದ್ ಆಗುತ್ತಿತ್ತು. ಬೂಟ್‌ಲೋಡರನ್ನು ತಪಾಸಣೆ ಮಾಡುವ ಸೆಕ್ಯೂರ್ ಬೂಟ್ ಎಂಬ ಬಯೋಸ್ ಸೆಟ್ಟಿಂಗನ್ನು ತಾತ್ಕಾಲಿಕವಾಗಿ ತೆಗೆದು, ಲಿನಕ್ಸಿನೊಳಗೆ ಹೋಗಿ ಆ ನಿಯಮ ಅಳಿಸಿ, ಬೂಟ್‌ಲೋಡರ್ ಹೊಸದು ಮಾಡಿಕೊಂಡವರು ಪಾರಾದರು. ಮೈಕ್ರೋಸಾಫ್ಟಿನ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಅಂಕಿ ಇಲ್ಲದೆ ಯಾರೂ ಆ ಡಿಸ್ಕ್ ತೆಗೆಯಲಾರರು.

ಬೋರ್ಡ್ ಒಂದೇ ಆದ್ದರಿಂದ ಗಡಿಯಾರದ್ದೂ ಒಂದು ತಕರಾರು ಹುಟ್ಟುತ್ತದೆ. ಲಿನಕ್ಸಿನಲ್ಲಿ ಕೆಲಸ ಮಾಡಿ ವಿಂಡೋಸಿಗೆ ಬಂದರೆ ಬೆಳಿಗ್ಗೆ 11 ಗಂಟೆಗೆ ಬಿಲ್ಲಿನ ಮೇಲೆ 5.30 ಎಂದು ಬೀಳುತ್ತದೆ. ಸೆಲ್ ಹೋಗಿದೆ ಎಂದು ಅಂಗಡಿಯವರು ಅದನ್ನೂ ಬದಲಿಸುತ್ತಾರೆ, ಏನೂ ಆಗುವುದಿಲ್ಲ. ವ್ಯತ್ಯಾಸ ಲೆಕ್ಕ ಹಾಕಿ: ಸರಿಯಾಗಿ ಐದೂವರೆ ತಾಸು. ಭಾರತದ ಸಮಯ ಜಾಗತಿಕ ಸಮಯಕ್ಕಿಂತ ಅಷ್ಟೇ ಮುಂದಿದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಬರೆ ಎಂದು ಲಿನಕ್ಸಿಗೆ ಹೇಳುವ ಒಂದು ಸಾಲಿನ ಆಜ್ಞೆ ಇದೆ, ಅದನ್ನು ಕೊಟ್ಟರೆ ಸಾಕು. ಎರಡೂ ಕಡೆ ತಿದ್ದಲು ಹೋದರೆ ಮತ್ತೆ ತಪ್ಪುತ್ತದೆ. ಸೆಲ್ ಸತ್ತಾಗ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಇಲ್ಲಿ ಐದೂವರೆ ತಾಸು ಮಾತ್ರ, ಎರಡನ್ನೂ ಕಲಸಬೇಡಿ.

ಇನ್ನೊಂದು ದೂರು ಮಾಲೀಕನಿಗೂ ಟೈಪ್ ಮಾಡುವ ಹುಡುಗಿಗೂ ಜಗಳ ಹಚ್ಚುವಂಥದ್ದು. "ಲಿನಕ್ಸಿನಾಗ ಇದ್ದು ಆ ಡಿಸ್ಕಿಗೆ ಫೈಲ್ ಹಾಕಾಕ ಬರವಲ್ದ್ರೀ, ಬರೀ ಓದಾಕ ಬರ್ತದ." ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಅರ್ಧ ಕೆಲಸವನ್ನು ಡಿಸ್ಕಿನಲ್ಲಿ ಹಿಡಿದಿಟ್ಟು ಮಲಗಿರುತ್ತದೆ. ಅಂಥ ಡಿಸ್ಕಿಗೆ ಬರೆದರೆ ಫೈಲು ಹಾಳಾದೀತೆಂದು ಲಿನಕ್ಸ್ ಕೈ ಹಚ್ಚುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆದುಹಾಕಿ. ಕೆಲಸದ ನಡುವೆ ಕರೆಂಟ್ ಹೋದಾಗಲೂ ಇದೇ ಪರಿಣಾಮ ಕಾಣಬಹುದು. ಆಗ ವಿಂಡೋಸಿಗೆ ಹೋಗಿ ಡಿಸ್ಕ್ ಪರೀಕ್ಷೆ ಮಾಡಿಸಿ, ಸರಿಯಾಗಿ ಶಟ್ ಡೌನ್ ಮಾಡಿ ಬರಬೇಕು. ಇದಕ್ಕೆ ಪ್ರತಿಯಾಗಿ, ವಿಂಡೋಸ್ ಡಿಸ್ಕನ್ನು ತಾನಾಗಿ ಜೋಡಿಸಿಕೊಳ್ಳಲು ಲಿನಕ್ಸಿಗೆ ಹೇಳಿಟ್ಟು, ಆಮೇಲೆ ಆ ಡಿಸ್ಕ್ ಕಳಚಿದರೆ, ಲಿನಕ್ಸ್ ಅದಕ್ಕಾಗಿ 1 ನಿಮಿಷ 30 ಸೆಕೆಂಡ್ ಕಾದು ಎಮರ್ಜೆನ್ಸಿ ಎಂದು ನಿಂತುಬಿಡುತ್ತದೆ. ಆಗಲೂ ಏನೂ ಕೆಟ್ಟಿರುವುದಿಲ್ಲ. ಜೋಡಣೆಯ ಫೈಲಿನಲ್ಲಿ ಒಂದು ಪದ ಸೇರಿಸಿದರೆ ಕಾಯದೆ ಮುಂದೆ ಹೋಗುತ್ತದೆ.

ಡ್ರೈವೇ ಕೆಟ್ಟಿದ್ದರೆ ಮಾತು ಬೇರೆ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸಪ್ಪಳ ಬರುತ್ತಿದ್ದರೆ, ಒಂದು ಫೋಲ್ಡರ್ ತೆಗೆಯಲು ನಿಮಿಷಗಟ್ಟಲೆ ಹಿಡಿದರೆ, ರಿಪೇರಿಯ ಯಾವ ಪ್ರಯೋಗವನ್ನೂ ಮಾಡಬೇಡಿ. ಲಿನಕ್ಸ್ ಎದ್ದರೆ ಅದರಿಂದ, ಏಳದಿದ್ದರೆ ಲೈವ್ ಪೆನ್‌ಡ್ರೈವಿನಿಂದ, ನುಡಿ ಫೈಲುಗಳನ್ನೂ ಟ್ಯಾಲಿಯ ಡೇಟಾ ಫೋಲ್ಡರನ್ನೂ ಮೊದಲು ಬೇರೆ ಡ್ರೈವಿಗೆ ನಕಲು ಮಾಡಿ. ನುಡಿಯ ಫಾಂಟುಗಳನ್ನೂ ಜೊತೆಗೆ ತೆಗೆದುಕೊಳ್ಳಿ. ಫಾಂಟಿಲ್ಲದೆ ಬರೀ ಫೈಲು ಉಳಿದು ಪ್ರಯೋಜನವಿಲ್ಲ.

ಅಂಗಡಿಗೆ ಒಯ್ಯಲೇಬೇಕಾದರೆ ಮೊದಲು ಪರದೆಯ ಮೇಲೆ ಬಂದ ಸಾಲುಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾವ ಡ್ರೈವಿನಲ್ಲಿ ವಿಂಡೋಸ್, ಯಾವುದರಲ್ಲಿ ಲಿನಕ್ಸ್ ಎಂದು ಚೀಟಿ ಬರೆದು ಡ್ರೈವಿಗೇ ಅಂಟಿಸಿ. "ನನ್ನ ಕೇಳದೆ ಯಾವುದಕ್ಕೂ ಫಾರ್ಮ್ಯಾಟ್ ಹೊಡೀಬ್ಯಾಡ್ರೀ" ಎಂದು ಬಾಯಿಬಿಟ್ಟು ಹೇಳಿ. ದೋಷ ಹುಡುಕಿಕೊಟ್ಟರೆ ಅದಕ್ಕೂ ಫಾರ್ಮ್ಯಾಟಿನಷ್ಟೇ ದುಡ್ಡು ಕೊಡುತ್ತೇನೆ ಎಂದೂ ಹೇಳಿ, ಕೊಡಿ.